ಕ್ಯಾಮೆರಾ ವಿಭಾಗದ ಹದ್ದಕ್ಕ

ಹತ್ತೊಂಬತ್ತನೆಯ ಲೆನ್ಸಿನಲ್ಲೂ ಅದೇ ಕರಿ ಚುಕ್ಕೆ ಕಂಡಾಗ ಹದ್ದಕ್ಕ ಭೂತಗನ್ನಡಿ ಕೆಳಗಿಟ್ಟಳು. ಬೆಳಿಗ್ಗೆಯಿಂದ ಒಂದಾದ ಮೇಲೊಂದರಂತೆ ಹದಿನೆಂಟನ್ನು ಅವಳು ಕೆಂಪು ತಟ್ಟೆಗೆ ಹಾಕಿದ್ದಳು. ಕೆಂಪು ತಟ್ಟೆಗೆ ಬಿದ್ದದ್ದು ವಾಪಸ್, ಹಸಿರು ತಟ್ಟೆಯದು ಮುಂದಕ್ಕೆ. "ಎಲ್ಲದರೊಳಗೂ ಧೂಳಿದೆ ಸಾರ್, ಗಾಳಿ ಸೋಸೋ ಮೆಷಿನ್ನೇ ಕೈಕೊಟ್ಟಿರ್ಬೇಕು" ಎಂದು ಸೂಪರ್‌ವೈಸರಿಗೆ ಹೇಳಿಯೂ ಆಗಿತ್ತು. ಹದ್ದಕ್ಕ ಹೇಳಿದ ಮೇಲೆ ಮುಗಿಯಿತು. ಆತ ಇಬ್ಬರು ಮೆಕ್ಯಾನಿಕ್ಕುಗಳನ್ನು ಏಣಿ ಹತ್ತಿಸಿ ಚಾವಣಿಯ ಜಾಲರಿಗಳನ್ನೆಲ್ಲ ಬಿಚ್ಚಿಸಿದ್ದ. ಜಾಲರಿಗಳಲ್ಲಿ ಒಂದು ಕಣ ಧೂಳೂ ಇರಲಿಲ್ಲ.

ಅವಳು ಹತ್ತೊಂಬತ್ತನೆಯದನ್ನು ದೀಪದ ಮುಂದೆ ಹಿಡಿದು ಮೆಲ್ಲಗೆ ತಿರುಗಿಸಿದಳು. ಲೆನ್ಸಿನಲ್ಲಿ ಧೂಳಿದ್ದರೆ ಲೆನ್ಸಿನ ಜೊತೆ ಅದೂ ಸುತ್ತಬೇಕು. ಇದು ಸುತ್ತಲಿಲ್ಲ. ಅವಳು ತಲೆಯೆತ್ತಿ ಬಿಳಿ ಗೋಡೆ ನೋಡಿದಳು. ಚುಕ್ಕೆ ಗೋಡೆಗೂ ಬಂತು. ಒಂದು ಗಳಿಗೆ ತಡವಾಗಿ, ಬಾಲವಿರುವ ಗೊದಮೊಟ್ಟೆಯ ಹಾಗೆ ಈಜಿಕೊಂಡು ಬಂತು. ಬಲಗಣ್ಣು ಮುಚ್ಚಿದಳು, ಇತ್ತು. ಎಡಗಣ್ಣು ಮುಚ್ಚಿದಳು, ಇಲ್ಲ.

ಲೆನ್ಸು ಕೈಜಾರುವ ಮೊದಲೇ ಅದನ್ನು ಮೇಜಿನ ಮೇಲಿಟ್ಟಳು.

"ಏನಾಯ್ತಕ್ಕಾ?" ಎಂದಳು ಪಕ್ಕದ ಮೇಜಿನ ಗುಬ್ಬಿ.

"ಏನಿಲ್ಲ ಕಣೇ, ಕಾಲು ಜೋಮು ಹಿಡೀತು."

ಊಟದ ಗಂಟೆ ಹೊಡೆದು ಎಲ್ಲರೂ ಹೋದ ಮೇಲೆ ಅವಳು ಆ ಹತ್ತೊಂಬತ್ತನ್ನೂ ಬಲಗಣ್ಣಿನಿಂದ ನೋಡಿದಳು. ಒಂದರಲ್ಲೂ ಏನೂ ಇರಲಿಲ್ಲ. ಒಂದೊಂದಾಗಿ ಹಸಿರು ತಟ್ಟೆಗೆ ದಾಟಿಸಿದಳು. ಮಧ್ಯಾಹ್ನ ಸೂಪರ್‌ವೈಸರ್ ಬಂದು "ಧೂಳು?" ಎಂದು ಕೇಳಿದಾಗ "ಒರೆಸಿದೆ ಸಾರ್, ಹೋಯ್ತು" ಎಂದಳು. ಆ ಕಾರ್ಖಾನೆಯಲ್ಲಿ ಅವಳು ಆಡಿದ ಮೊದಲ ಸುಳ್ಳು ಅದು.

ಆಗ ಅವಳಿಗೆ ನಲವತ್ತಮೂರು ವರ್ಷ. ಅದಕ್ಕೂ ಮೊದಲು ಇಪ್ಪತ್ತು ವರ್ಷ ಅದೇ ಕಂಪನಿಯ ಟಿವಿ ವಿಭಾಗದಲ್ಲಿದ್ದಳು. ಟಿವಿಯೊಳಗಿನ ಸರ್ಕ್ಯೂಟ್ ಹಲಗೆಗಳನ್ನು ನೋಡಿ, ಬೆಸುಗೆ ಕೂದಲೆಳೆಯಷ್ಟು ಬಿಟ್ಟ ಕಡೆ ಬೆರಳಿಟ್ಟು ತೋರಿಸುವುದು ಕೆಲಸ. ಒಮ್ಮೆ ಮೆಷಿನ್ನು ಸರಿಯಿದೆ ಎಂದ ಹಲಗೆಯನ್ನು ಇವಳು ಸರಿಯಿಲ್ಲ ಎಂದು ಹಟ ಹಿಡಿದಳು. ಬಿಚ್ಚಿ ನೋಡಿದರೆ ಸೋತದ್ದು ಮೆಷಿನ್ನು. ಅಂದಿನಿಂದ ಹದ್ದಿನ ಕಣ್ಣಿನ ಅಕ್ಕ, ಆಮೇಲೆ ಬರೀ ಹದ್ದಕ್ಕ. ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯಿತು.

ರೇಡಿಯೋ ಮಾಡಿ, ಟಿವಿ ಮಾಡಿ ಬೆಳೆದ ಆ ಕಂಪನಿಗೆ ಒಂದು ದಿನ ಕ್ಯಾಮೆರಾ ಮಾಡುವ ಹುಕಿ ಬಂತು. ಯಜಮಾನರು ಎಲ್ಲರನ್ನೂ ಊಟದ ಹಾಲಿನಲ್ಲಿ ಸೇರಿಸಿ, "ಚಿತ್ರ ತೋರಿಸೋ ಪೆಟ್ಟಿಗೆ ಮಾಡೋರಿಗೆ ಚಿತ್ರ ಹಿಡಿಯೋ ಪೆಟ್ಟಿಗೆ ಏನು ಮಹಾ?" ಎಂದರು. ಚಪ್ಪಾಳೆಯೋ ಚಪ್ಪಾಳೆ. ತಟ್ಟದೆ ಕೂತವರು ಒಬ್ಬರೇ: ಬೇರೆ ಕಡೆಯಿಂದ ಕರೆಸಿಕೊಂಡಿದ್ದ ಇಂಜಿನಿಯರ್, ಕೆಲಸದವರ ಬಾಯಲ್ಲಿ ಲೆನ್ಸ್ ಮೇಡಂ. ಗಾಜಿನ ವಿಷಯ ಗೊತ್ತಿದ್ದವರು ಅಲ್ಲಿ ಆಕೆಯೊಬ್ಬರೇ. ಮಾರನೆಯ ವಾರ ಆಕೆಯೇ ಟಿವಿ ವಿಭಾಗಕ್ಕೆ ಬಂದು, ಮೇಜಿಂದ ಮೇಜಿಗೆ ಹೋಗಿ, ಒಂದು ಗಾಜಿನ ತುಂಡು ಕೊಟ್ಟು "ಇದರಲ್ಲಿ ಗೀರು ಎಲ್ಲಿದೆ ಹೇಳಿ" ಎಂದು ಕೇಳಿದರು. ಹದ್ದಕ್ಕ ಕೈಗೆ ತೆಗೆದುಕೊಳ್ಳುವ ಮೊದಲೇ ಹೇಳಿದಳು.

ಹೀಗೆ ಹೊಸ ಕಟ್ಟಡಕ್ಕೆ ಬಂದವಳು. ಅಲ್ಲಿ ತಲೆಗೆ ಬಿಳಿ ಟೋಪಿ, ಮೈಗೆ ಬಿಳಿ ನಿಲುವಂಗಿ, ಬಾಗಿಲಲ್ಲಿ ಮೈಮೇಲೆಲ್ಲ ಗಾಳಿ ಊದುವ ಪೆಟ್ಟಿಗೆ. ಒಳಗೆ ಕತ್ತಲ ಕೋಣೆ, ಒಂದೊಂದು ಮೇಜಿಗೆ ಒಂದೊಂದು ದೀಪ, ಒಂದು ಭೂತಗನ್ನಡಿ. ಜೋಡಿಸಿದ ಲೆನ್ಸಿನಲ್ಲಿ ಧೂಳು, ಗೀರು, ಬೆರಳ ಗುರುತು ಇದೆಯೇ ನೋಡಿ ತಟ್ಟೆಗೆ ಹಾಕಬೇಕು. ಸರಿಯಿದ್ದರೆ ಲೆನ್ಸು ಕೂರುವ ಕೊಳವೆಯ ಒಳಮೈಗೆ ತಮ್ಮ ಸಂಖ್ಯೆಯ ಚೀಟಿ ಅಂಟಿಸಬೇಕು. ಹದ್ದಕ್ಕನದು ಏಳು. ಗುಬ್ಬಿಯದು ಒಂಬತ್ತು. ಗುಬ್ಬಿಗೆ ಮೂವತ್ತರ ಆಸುಪಾಸು. ಗಂಡ ಬಿಟ್ಟು ಹೋದ ಮೇಲೆ ಎರಡು ಮಕ್ಕಳನ್ನು ಸಾಕುತ್ತಿದ್ದ, ಕುಳ್ಳಗಿನ, ಚಿಲಿಪಿಲಿ ಮಾತಿನ ಹೆಂಗಸು. ಹೊಸದಾಗಿ ಸೇರಿದವಳು.

ಚುಕ್ಕೆ ಕಂಡ ಆ ಸಂಜೆ ಮನೆಗೆ ಬಂದ ಹದ್ದಕ್ಕ ಗಂಡನಿಗೆ ಏನೂ ಹೇಳಲಿಲ್ಲ. ಅವನು ಬಸ್ ಡ್ರೈವರ್. ಅವನ ಡಿಪೋದಲ್ಲಿ ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ. ಅಕ್ಷರದ ಹಲಗೆ ಸರಿಯಾಗಿ ಓದದವರನ್ನು ಸ್ಟಿಯರಿಂಗ್ ಬಿಡಿಸಿ ಬಸ್ಸು ತೊಳೆಯಲು ಹಾಕುತ್ತಿದ್ದರು. ಪರೀಕ್ಷೆಯ ಹಿಂದಿನ ದಿನ ಅವನು ಗೋಡೆಯ ಕ್ಯಾಲೆಂಡರನ್ನು ಹತ್ತು ಅಡಿ ದೂರದಿಂದ ಓದಿ ಓದಿ ಹೆಂಡತಿಗೆ ಒಪ್ಪಿಸುತ್ತಿದ್ದ. ಕಣ್ಣು ಹೋದವರ ಪಾಡು ಏನೆಂದು ಆ ಮನೆಯಲ್ಲಿ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅದೂ ಅಲ್ಲದೆ ಹದ್ದಕ್ಕನ ತಾಯಿಗೆ ಐವತ್ತು ದಾಟುವಷ್ಟರಲ್ಲಿ ಎರಡೂ ಕಣ್ಣು ಹೋಗಿದ್ದವು. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು, ಬಂದವರ ಕೈ ಹಿಡಿದು, ಮುಂಗೈ ಸವರಿ, "ಯಾರು, ಚಿಕ್ಕೋಳಾ?" ಎಂದು ಕೇಳುತ್ತಿದ್ದ ಆ ತಾಯಿಯ ಬೆರಳುಗಳು ಈಗ ಮತ್ತೆ ತನ್ನ ಮುಂಗೈ ಮೇಲೆ ಓಡಾಡಿದಂತೆ ಅವಳಿಗೆ ಅನಿಸುತ್ತಿತ್ತು. ಅಮ್ಮನಿಗೂ ಹೀಗೇ ಶುರುವಾಗಿತ್ತಾ? ಕೇಳೋಣವೆಂದರೆ ಅಮ್ಮ ಇಲ್ಲ.

"ಯಾಕಮ್ಮಾ, ಒಂದೇ ಕಣ್ಣಲ್ಲಿ ಪೇಪರ್ ಓದ್ತಿದ್ದೀಯಾ?" ಎಂದಳು ಕಾಲೇಜಿಗೆ ಹೋಗುವ ಮಗಳು.

"ಸುಮ್ನಿರೇ, ಕಣ್ಣಿಗೆ ಈರುಳ್ಳಿ ಸಿಡೀತು."

ಮಗಳು ಅಡುಗೆಮನೆಯ ಕಡೆ ನೋಡಿದಳು. ಅವತ್ತು ಅಡುಗೆ ಮಾಡಿದ್ದವಳು ಅವಳೇ.

ಎರಡು ವಾರ ಕಳೆಯುವಷ್ಟರಲ್ಲಿ ಒಂದು ಚುಕ್ಕೆಯಿದ್ದದ್ದು ಹತ್ತಾರಾದವು, ಯಾರೋ ಮೆಣಸು ಉದುರಿಸಿದ ಹಾಗೆ. ತಲೆ ಹೊರಳಿಸಿದಾಗ ಎಡಗಣ್ಣಿನ ಅಂಚಿನಲ್ಲಿ ಪಳ್ ಎಂದು ಮಿಂಚು ಹೊಡೆಯತೊಡಗಿತು. ಮೊದಲ ಸಲ ಅವಳು ಬೆಚ್ಚಿಬಿದ್ದು, "ಯಾರು ಫೋಟೋ ತೆಗೆದಿದ್ದು?" ಎಂದು ಕೇಳಿಬಿಟ್ಟಳು. ಎಲ್ಲರೂ ನಕ್ಕರು. ಅವಳೂ ನಕ್ಕಳು.

ಬಲಗಣ್ಣಿಗೆ ಈ ಕೆಲಸ ರೂಢಿಯಿರಲಿಲ್ಲ. ಇಪ್ಪತ್ತು ವರ್ಷ ಭೂತಗನ್ನಡಿಯ ಹಿಂದೆ ನಿಂತದ್ದು ಎಡಗಣ್ಣೇ. ಬಲಗಣ್ಣಲ್ಲಿ ನೋಡಿದರೆ ಅರ್ಧ ಗಂಟೆಗೆ ನೀರು ಸುರಿಯುತ್ತಿತ್ತು, ಗಾಜಿನ ಅಂಚು ಎರಡೆರಡಾಗಿ ಕಾಣುತ್ತಿತ್ತು. ಆಗ ಅವಳೊಂದು ದಾರಿ ಹುಡುಕಿಕೊಂಡಳು.

"ಗುಬ್ಬೀ, ಕೈ ಪಳಗಬೇಕು ಅಂದ್ರೆ ಹೆಚ್ಚು ನೋಡ್ಬೇಕು ಕಣೇ. ನನ್ನ ಪಾಲಲ್ಲಿ ಅರ್ಧ ನೀನೇ ನೋಡು. ನಿನ್ನ ಚೀಟೀನೇ ಅಂಟಿಸು, ನಿನಗೇ ಒಳ್ಳೇ ಹೆಸರು ಬರ್ಲಿ."

ಗುಬ್ಬಿ ಹಿಗ್ಗಿ ಹೀರೆಕಾಯಿಯಾದಳು. "ನೀವು ದೇವರಂಥೋರು ಅಕ್ಕಾ" ಎಂದಳು. ಹದ್ದಕ್ಕ ಮುಖ ಆ ಕಡೆ ತಿರುಗಿಸಿಕೊಂಡಳು.

ಆರನೆಯ ವಾರ ಕ್ಯಾಮೆರಾಗಳು ವಾಪಸ್ ಬರತೊಡಗಿದವು. ಮೊದಲು ಒಂದು ರಟ್ಟಿನ ಪೆಟ್ಟಿಗೆ, ಆಮೇಲೆ ಮೂರು, ಆಮೇಲೆ ಬಾಗಿಲ ಪಕ್ಕದ ಮೇಜೇ ಕಾಣದಷ್ಟು. ಎಲ್ಲ ಅಂಗಡಿಯವರದೂ ಒಂದೇ ದೂರು: ಫೋಟೋ ಮಂಜು ಕವಿದ ಹಾಗೆ ಬರುತ್ತದೆ. ಊಟದ ಹೊತ್ತಲ್ಲಿ ಹದ್ದಕ್ಕ ಒಂದನ್ನು ಎತ್ತಿ ಬಲಗಣ್ಣಿನಿಂದ ನೋಡಿದಳು. ಒಳಗಾಜಿನ ಮೇಲೆ ತೆಳ್ಳಗೆ ಹಾಲು ಬಳಿದಂತಿತ್ತು. ಇಷ್ಟು ದೊಡ್ಡದು, ಇಷ್ಟು ಎದ್ದು ಕಾಣುವಂಥದ್ದು. ಇದು ನನ್ನ ಕಣ್ಣು ತಪ್ಪಿಸಿಕೊಂಡು ಹೋಯಿತೇ? ಕೊಳವೆಯೊಳಗಿನ ಚೀಟಿ ನೋಡಿದಳು. ಏಳು. ಇನ್ನೊಂದು ತೆಗೆದಳು. ಒಂಬತ್ತು. ಮತ್ತೊಂದು. ಒಂಬತ್ತು. ಅದು ತಾನೇ ಗುಬ್ಬಿಗೆ ದಾಟಿಸಿದ ಪಾಲು.

ಅವತ್ತಿನಿಂದ ಯಾರು ಎಲ್ಲಿ ಪಿಸುಗುಟ್ಟಿದರೂ ತನ್ನ ವಿಷಯವೇ ಎಂದು ಅವಳಿಗೆ ಅನಿಸತೊಡಗಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ. ಕ್ಯಾಮೆರಾ ವಿಭಾಗವನ್ನೇ ಮುಚ್ಚುತ್ತಾರಂತೆ ಎಂಬ ಗುಸುಗುಸು ಎದ್ದಾಗ, ನಲವತ್ತು ಜನರ ಅನ್ನಕ್ಕೆ ಕಲ್ಲು ಹಾಕಿದವಳು ನಾನೇ ಎಂದು ಅವಳು ತೀರ್ಮಾನಿಸಿಕೊಂಡಳು. ಅದೇ ವಾರ ಎಡಗಣ್ಣಿನಲ್ಲಿ ಮೇಲಿನಿಂದ ಕಪ್ಪು ಪರದೆಯೊಂದು ಇಳಿಯಲು ಶುರುವಾಯಿತು. ಮೊದಲ ದಿನ ದೀಪದ ಬುರುಡೆ ಮುಚ್ಚಿಹೋಯಿತು. ಮೂರನೆಯ ದಿನ ಎದುರು ನಿಂತವರ ಹಣೆ. ಡಾಕ್ಟರ ಹತ್ತಿರ ಹೋದರೆ ಚೀಟಿ ಬರೆದುಕೊಡುತ್ತಾರೆ, ಚೀಟಿ ಕಾರ್ಖಾನೆಗೆ ಗೊತ್ತಾಗುತ್ತದೆ, ಆಮೇಲೆ ಬಾಗಿಲ ಪಕ್ಕದ ಸ್ಟೂಲು. ಹೆದರಿಕೆಯೇ ಅವಳನ್ನು ಕಟ್ಟಿಹಾಕಿತ್ತು.

ಏಳನೆಯ ವಾರದ ಸೋಮವಾರ ಸೂಪರ್‌ವೈಸರ್ ಗುಬ್ಬಿಯ ಮೇಜಿನ ಮುಂದೆ ಬಂದು ನಿಂತ.

"ವಾಪಸ್ ಬಂದಿರೋದ್ರಲ್ಲಿ ಹೆಚ್ಚಿನವು ಒಂಬತ್ತು. ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡಮ್ಮಾ ಅಂದ್ರೆ ಕಣ್ಣು ಮುಚ್ಕೊಂಡು ಚೀಟಿ ಅಂಟಿಸ್ತಿದ್ದೀಯಾ? ಹದ್ದಕ್ಕನ್ನ ನೋಡಿ ಕಲೀಬಾರ್ದಾ? ನಾಳೆ ಬೆಳಿಗ್ಗೆ ಮೇಲೆ ಬಾ, ಮೇಡಂ ಮುಂದೆ ಹೇಳ್ಕೋ."

"ಸಾರ್, ನಾನು ಚೆನ್ನಾಗೇ ನೋಡಿದ್ದೆ ಸಾರ್." ಗುಬ್ಬಿಯ ದನಿ ಎಳೆಯಷ್ಟು ಸಣ್ಣಗಾಗಿತ್ತು. ಅವಳು ಹದ್ದಕ್ಕನ ಕಡೆ ತಿರುಗಿದಳು. "ಅಕ್ಕಾ, ನೀವಾದ್ರೂ ಹೇಳಿ."

ಹದ್ದಕ್ಕ ಭೂತಗನ್ನಡಿಯನ್ನು ಬಟ್ಟೆಯಿಂದ ಒರೆಸುತ್ತಾ ಕೂತಳು. ಗುಬ್ಬಿ ತನ್ನ ದೀಪ ಆರಿಸಿ ಎದ್ದುಹೋದಳು.

ಜೀವನದಲ್ಲಿ ತನಗೆ ಅತಿ ಹೆಚ್ಚು ಭಯವಾದದ್ದು ಆಗಲೇ ಎಂದು ಹದ್ದಕ್ಕ ಮುಂದೆ ಹೇಳುತ್ತಿದ್ದಳು. ಕಣ್ಣು ಹೋಗುವುದಕ್ಕಿಂತ ಹೆಚ್ಚಿಗೆ, ತಾನು ಎಂಥವಳಾಗಿಬಿಟ್ಟೆ ಎಂದು.

ಮಂಗಳವಾರ ಬೆಳಿಗ್ಗೆ ಗುಬ್ಬಿ ಬರುವ ಮೊದಲೇ ಅವಳು ಮೇಲಿನ ಕೋಣೆಯ ಬಾಗಿಲು ತಟ್ಟಿದಳು. ಒಳಗೆ ಲೆನ್ಸ್ ಮೇಡಂ, ಸೂಪರ್‌ವೈಸರ್ ಇಬ್ಬರೂ ಇದ್ದರು. ಕೂರಲು ಹೇಳಿದರೂ ಕೂರಲಿಲ್ಲ.

"ಮೇಡಂ, ಗುಬ್ಬೀದೇನೂ ತಪ್ಪಿಲ್ಲ. ನಂಗೆ ಎಡಗಣ್ಣು ಕಾಣಲ್ಲ. ನನ್ನ ಪಾಲನ್ನ ಅವಳ ಕೈಲಿ ನೋಡಿಸ್ತಿದ್ದೆ. ಕಲೀಲಿ ಅಂತ ಸುಳ್ಳು ಹೇಳಿದ್ದೆ. ಕೆಲಸದಿಂದ ತೆಗೆಯೋದಾದ್ರೆ ನನ್ನ ತೆಗೀರಿ."

ಮೇಡಂ ಪೆನ್ನು ಕೆಳಗಿಟ್ಟರು.

"ಎಷ್ಟು ದಿನದಿಂದ?"

"ಏಳು ವಾರ."

"ಈಗ ಆ ಕಣ್ಣಲ್ಲಿ ಏನು ಕಾಣತ್ತೆ? ನನ್ನನ್ನೇ ನೋಡಿ ಹೇಳಿ."

ಹದ್ದಕ್ಕ ಬಲಗಣ್ಣು ಮುಚ್ಚಿದಳು. "ನಿಮ್ಮ ಬಾಯಿ, ಗಲ್ಲ, ಕುತ್ತಿಗೆ. ಅದರ ಮೇಲೆ ಕಪ್ಪು."

ಮೇಡಂ ಕುರ್ಚಿ ಹಿಂದಕ್ಕೆ ಬೀಳುವ ಹಾಗೆ ಎದ್ದರು. "ಇವತ್ತು, ಈಗಲೇ ಆಸ್ಪತ್ರೆಗೆ ಹೋಗ್ಬೇಕು. ನಡೀರಿ, ನನ್ನ ಕಾರಲ್ಲೇ ಹೋಗೋಣ. ನಿಮ್ಮೆಜಮಾನ್ರಿಗೆ ಫೋನ್ ಮಾಡಿ."

ಕಾರಿನಲ್ಲಿ ಹದ್ದಕ್ಕ ಮಡಿಲಲ್ಲಿ ಕೈ ಹಿಸುಕಿಕೊಳ್ಳುತ್ತಾ, "ಆ ಮಂಜು ನನ್ನಿಂದ್ಲೇ ಆಯ್ತಲ್ಲ ಮೇಡಂ" ಎಂದಳು.

"ಯಾರಿಂದ್ಲೂ ಅಲ್ಲ ರೀ. ಗಾಜು ಹಿಡಿಸೋಕೆ ಹಾಕಿರೋ ಅಂಟು ಅದು. ಬಿಸಿಲಿಗೆ, ಸೆಕೆಗೆ ಆವಿ ಬಿಟ್ಟು ಒಳಗಡೆ ಹಾಗೆ ಕೂರತ್ತೆ. ನಿಮ್ಮ ಮೇಜಿಂದ ಹೋಗಿ ಮೂರು ವಾರ ಆದ್ಮೇಲೆ ಬರೋ ಮಂಜನ್ನ ಯಾವ ಹದ್ದು ನೋಡತ್ತೆ? ಈ ಅಂಟು ಬೇಡ ಅಂತ ನಾನು ಬಡ್ಕೊಂಡೆ. ಟಿವಿಗೆ ಹಾಕೋ ಅಂಟೇ ಸಾಕು ಅಂದ್ರು." ಕೆಂಪು ದೀಪಕ್ಕೆ ಕಾರು ನಿಂತಿತು. ಆಕೆ ಮುಂದೆ ನೋಡುತ್ತಲೇ ಹೇಳಿದರು: "ಗುರುವಾರ ಎಲ್ಲರಿಗೂ ಹೇಳ್ತಾರೆ, ನೀವು ಇವತ್ತೇ ಕೇಳ್ಕೊಳ್ಳಿ. ಕ್ಯಾಮೆರಾ ವಿಭಾಗ ಮುಚ್ತಿದ್ದಾರೆ. ತೀರ್ಮಾನ ಆಗಿ ಮೂರು ತಿಂಗಳಾಯ್ತು. ಎಲ್ಲರ ಜೇಬಲ್ಲೂ ಫೋನೇ ಕ್ಯಾಮೆರಾ ಆಗಿಬಿಟ್ಟಿದೆ, ನಮ್ಮದನ್ನ ಯಾರು ಕೊಳ್ತಾರೆ?"

ಮೂರು ತಿಂಗಳು. ಅಂದರೆ ಆ ಚುಕ್ಕೆ ಕಾಣುವುದಕ್ಕೂ ಮೊದಲು. ಹಗುರಾಗಬೇಕಿತ್ತು, ಆಗಲಿಲ್ಲ. ಹೆದರಿಕೆಗೆ ಈಗ ಕಣ್ಣೊಂದೇ ಜಾಗವಾಗಿ ಉಳಿದು, ಅದು ಪೂರ್ತಿಯಾಗಿ ಅಲ್ಲೇ ಬಂದು ಕೂತಿತು.

ಕಣ್ಣಿನ ಡಾಕ್ಟರು ನೋಡಿ ಮುಗಿಸುವಷ್ಟರಲ್ಲಿ ಗಂಡ ಖಾಕಿ ಅಂಗಿಯಲ್ಲೇ ಓಡಿಬಂದ. ಗೋಡೆಗೆ ಅಂಟಿಸಿದ ಕಾಗದ ಬಿಟ್ಟುಕೊಳ್ಳುವ ಹಾಗೆ, ಕಣ್ಣಿನ ಹಿಂಗೋಡೆಯ ಪೊರೆ, ರೆಟಿನಾ, ಕಿತ್ತು ಬರುತ್ತಿದೆ ಎಂದರು ಡಾಕ್ಟರು. ನಡುಭಾಗ ಇನ್ನೂ ಅಂಟಿಕೊಂಡಿದೆ, ಇನ್ನೆರಡು ದಿನ ಬಿಟ್ಟಿದ್ದರೆ ಅದೂ ಹೋಗುತ್ತಿತ್ತು. ನಾಳೆ ಬೆಳಿಗ್ಗೆಯೇ ಆಪರೇಷನ್.

"ಏಳು ವಾರ ಪಕ್ಕದಲ್ಲೇ ಇದ್ನಲ್ಲೇ," ಎಂದ ಗಂಡ. "ಒಂದ್ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನಿಜ ಆಗ್ಬಿಡತ್ತೆ ಅಂತ ಹೆದರಿಕೆ ಆಯ್ತು ರೀ."

ಆಪರೇಷನ್ನಿಗಿಂತ ಆಮೇಲಿನ ಹತ್ತು ದಿನ ಕಷ್ಟವಾದವು. ಪೊರೆಯನ್ನು ಒತ್ತಿ ಹಿಡಿಯಲು ಕಣ್ಣೊಳಗೆ ಗಾಳಿ ತುಂಬಿದ್ದರು. ಆ ಗಾಳಿ ಸರಿಯಾದ ಜಾಗದಲ್ಲಿ ನಿಲ್ಲಬೇಕಾದರೆ ಮುಖ ಸದಾ ನೆಲ ನೋಡುತ್ತಿರಬೇಕು. ಮಲಗಿದರೆ ಮಂಚದಂಚಿನಿಂದ ಮುಖ ಕೆಳಗಿಟ್ಟು ಬೋರಲು, ಕೂತರೆ ಮೇಜಿಗೆ ಹಣೆಯಿಟ್ಟು, ನಡೆದರೆ ತಲೆ ಬಗ್ಗಿಸಿ. ಒಮ್ಮೆ ತಲೆ ಎತ್ತಿದರೂ ಎಲ್ಲ ನೀರುಪಾಲು ಎಂದು ಅವಳೇ ನಂಬಿಕೊಂಡು, ಸೀನು ಬಂದರೂ ಮೂಗು ಹಿಡಿದು ತಡೆಯುತ್ತಿದ್ದಳು. ಲೋಕವೆಂದರೆ ಮಂಚದ ಕೆಳಗಿನ ನಾಲ್ಕು ಕಲ್ಲುಹಾಸು ಮತ್ತು ಬಂದುಹೋಗುವವರ ಪಾದ. ಮಗಳ ಪಾದ ಯಾವಾಗಲೂ ಅವಸರದವು. ಗಂಡನ ಬಲಗಾಲಿನ ಹೆಬ್ಬೆರಳು ಬ್ರೇಕ್ ತುಳಿದು ತುಳಿದು ಒಂದು ಕಡೆ ವಾಲಿತ್ತು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿಯೂ ಅವಳು ಅದನ್ನು ನೋಡಿರಲಿಲ್ಲ. ಅವನು ರಜೆ ಹಾಕಿ, ಬಟ್ಟಲನ್ನು ಅವಳ ಬಾಯಿಗೆ ಕೆಳಗಿನಿಂದ ಹಿಡಿದು, "ಹದ್ದು ಹೋಗಿ ಕೋಳಿ ಆಯ್ತಲ್ಲಪ್ಪಾ, ಬರೀ ನೆಲ ಕೆದಕತ್ತೆ" ಎನ್ನುತ್ತಿದ್ದ. ಅವಳು "ನಗಿಸ್ಬೇಡಿ ರೀ, ಗಾಳಿ ಅಲ್ಲಾಡತ್ತೆ" ಎಂದು ಬಯ್ಯುತ್ತಿದ್ದಳು.

ಆರನೆಯ ದಿನ ಬಾಗಿಲಲ್ಲಿ ಪುಟ್ಟ ಪಾದಗಳು ಕಂಡವು. ಬೂದು ಚಪ್ಪಲಿ, ಒಂದರ ಪಟ್ಟಿ ಹೊಲಿದಿತ್ತು. ಗುಬ್ಬಿ. ಹದ್ದಕ್ಕನಿಗೆ ಓಡಿಹೋಗಬೇಕೆನಿಸಿತು, ಓಡುವಂತಿರಲಿಲ್ಲ. ಪಾದಗಳು ಸ್ವಲ್ಪ ಹೊತ್ತು ಅಲ್ಲೇ ನಿಂತವು. ಆಮೇಲೆ ಗುಬ್ಬಿ ಚಪ್ಪಲಿ ಕಳಚಿ ಬಂದು, ಮಂಚದ ಪಕ್ಕ ನೆಲದ ಮೇಲೆ ಅಂಗಾತ ಮಲಗಿ, ಹದ್ದಕ್ಕನ ಮುಖದ ಕೆಳಕ್ಕೆ ತನ್ನ ಮುಖ ಜರುಗಿಸಿಕೊಂಡಳು.

"ಮುಖ ನೋಡಿ ಬಯ್ಯೋಣ ಅಂತ ಬಂದೆ" ಎಂದಳು.

"ಬಯ್ಯಿ."

"ನನ್ನ ಕಣ್ಣು ಬೇಕಿದ್ರೆ ಕೇಳಿದ್ರೆ ಕೊಡ್ತಿರ್ಲಿಲ್ವಾ ಅಕ್ಕಾ? ದೇವರಂಥೋರು ಅಂದಿದ್ನಲ್ಲ ನಿಮ್ಮನ್ನ. ಸೋಮವಾರ ಅವ್ರು ಬಯ್ಯುವಾಗ ಸುಮ್ನೆ ಕೂತ್ರಿ. ಅವತ್ತು ಮನೇಗ್ ಹೋಗಿ ಮಕ್ಕಳಿಗೆ ಏನು ಹೇಳ್ಬೇಕು ಅಂತ ಗೊತ್ತಾಗ್ದೆ ಬಸ್‌ಸ್ಟಾಪಲ್ಲೇ ಎರಡು ಗಂಟೆ ಕೂತಿದ್ದೆ."

ಹದ್ದಕ್ಕನಿಗೆ ಅಳು ಬಂತು. ನೀರು ಗುಬ್ಬಿಯ ಗಲ್ಲದ ಮೇಲೇ ಬಿತ್ತು. "ತಪ್ಪಾಯ್ತು ಕಣೇ" ಎಂದಳು. "ಹೆದರಿಬಿಟ್ಟಿದ್ದೆ."

"ಅಳಬೇಡಿ, ಗಾಳಿ ಗೀಳಿ ಜರುಗೀತು." ಗುಬ್ಬಿ ಗಲ್ಲ ಒರೆಸಿಕೊಂಡಳು. ಕೋಪ ಇನ್ನೂ ಹೋಗಿರಲಿಲ್ಲ, ಆದರೂ ಎದ್ದುಹೋಗಲಿಲ್ಲ. ನೆಲದ ಮೇಲೆ ಮಲಗಿಕೊಂಡೇ ಕಾರ್ಖಾನೆಯ ಸುದ್ದಿ ಹೇಳಿದಳು. ಗುರುವಾರ ಯಜಮಾನರು ಐದು ನಿಮಿಷ ಮಾತಾಡಿ ಹೋದರಂತೆ. ಮೆಷಿನ್ನುಗಳಿಗೆ ಪ್ಲಾಸ್ಟಿಕ್ ಹೊದಿಸಿದ್ದಾರಂತೆ. ಬಾಗಿಲ ಗಾಳಿಪೆಟ್ಟಿಗೆ ನಿಲ್ಲಿಸಿದ್ದಾರೆ. ಈಗ ಯಾರು ಬೇಕಾದರೂ ಬೀದಿ ಚಪ್ಪಲಿಯಲ್ಲೇ ಒಳಗೆ ನಡೆಯುತ್ತಾರೆ. ಮಾರದೆ ಉಳಿದ ಕ್ಯಾಮೆರಾಗಳನ್ನು ಬಿಚ್ಚಿ ಗಾಜು ಬೇರೆ, ಲೋಹ ಬೇರೆ ಮಾಡುವುದಕ್ಕೆ ಹಚ್ಚಿದ್ದಾರೆ. ಅರ್ಧ ಜನಕ್ಕೆ ಹಳೇ ವಿಭಾಗದಲ್ಲಿ ಜಾಗ, ಉಳಿದರ್ಧಕ್ಕೆ ಇಲ್ಲ. ಗುಬ್ಬಿಗೆ ರಿಮೋಟ್ ವಿಭಾಗದಲ್ಲಿ ಸಿಕ್ಕಿದೆ. ಲೆನ್ಸ್ ಮೇಡಂ ಕೆಲಸ ಬಿಟ್ಟರು. ಹೋಗುವ ಮುಂಚೆ ಹದ್ದಕ್ಕನ ಹೆಸರನ್ನೂ ರಿಮೋಟ್ ವಿಭಾಗದ ಪಟ್ಟಿಗೆ ಸೇರಿಸಿಯೇ ಹೋದರಂತೆ.

"ಅದೂ ಕಣ್ಣು ಬಂದ್ರೆ ತಾನೆ" ಎಂದಳು ಹದ್ದಕ್ಕ.

"ರಿಮೋಟಿಗೆ ಕಣ್ಣು ಯಾಕೆ, ಬೆರಳು ಸಾಕು" ಎಂದಳು ಗುಬ್ಬಿ.

ಹತ್ತನೆಯ ದಿನ ಡಾಕ್ಟರು ತಲೆ ಎತ್ತಿಸಿದರು. ಹದ್ದಕ್ಕ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಬಿಡಿ ಎಂದರೂ ಬಿಡಲಿಲ್ಲ. ಮುಚ್ಚಿರುವಷ್ಟು ಹೊತ್ತು ಎರಡು ಸಾಧ್ಯತೆಯೂ ಇದ್ದವು. ಗಂಡ ಭುಜ ಒತ್ತಿದ ಮೇಲೆ ಬಿಟ್ಟಳು. ಬೆಳಕು ಬಂತು. ಕಣ್ಣೊಳಗಿನ ಗಾಳಿ ಬಟ್ಟಲಿನ ನೀರಿನ ಹಾಗೆ ತುಳುಕಿತು. ಡಾಕ್ಟರ ಬೆರಳುಗಳು ಗಾಜಿನ ಹಿಂದಿನ ನೆರಳಿನಂತೆ ಕಂಡವು.

"ಎಷ್ಟು?"

"ಮೂರು... ಅಲ್ಲ, ಎರಡು."

"ಎರಡೇ. ಸಾಕು, ಪೊರೆ ಕೂತಿದೆ."

ಎರಡು ತಿಂಗಳಲ್ಲಿ ಗಾಳಿ ಕರಗಿತು, ಮುಖಗಳು ಹಣೆ ಸಮೇತ ವಾಪಸ್ ಬಂದವು. ಮೊದಲಿನಷ್ಟಲ್ಲ. ಆ ಕಣ್ಣಿಗೆ ಬಾಗಿಲ ಚೌಕಟ್ಟು ಸ್ವಲ್ಪ ಡೊಂಕಾಗಿ ಕಾಣುತ್ತದೆ, ಸಣ್ಣ ಅಕ್ಷರ ಓದಲಾಗುವುದಿಲ್ಲ. ರಿಮೋಟ್ ವಿಭಾಗದಲ್ಲಿ ಗುಬ್ಬಿಯ ಎದುರು ಮೇಜು ಅವಳದಾಯಿತು. ಗುಂಡಿ ಒತ್ತಿ, ಸರಿಯಾಗಿ ಏಳುತ್ತದೆಯೇ ಎಂದು ಹೆಬ್ಬೆರಳಲ್ಲಿ ತಿಳಿಯುವ ಕೆಲಸ. ಹದ್ದಕ್ಕ ಎಂದು ಯಾರಾದರೂ ಕರೆದರೆ ಮೊದಮೊದಲು ಮುಜುಗರವಾಗುತ್ತಿತ್ತು. ಗುಬ್ಬಿ ಆ ಹೆಸರಿಂದ ಕರೆಯಲು ಮತ್ತೆ ನಾಲ್ಕು ತಿಂಗಳು ತೆಗೆದುಕೊಂಡಳು.

ಭಯ ಮಾತ್ರ ಕೆಲಸ ಬಿಡಲಿಲ್ಲ. ಎದ್ದ ಕೂಡಲೇ ಒಂದು ಕಣ್ಣು ಮುಚ್ಚಿ, ಇನ್ನೊಂದು ಮುಚ್ಚಿ, ಬಲಗಣ್ಣಿನಲ್ಲಿ ಹೊಸ ಚುಕ್ಕೆ ಬಂದಿದೆಯೇ ಎಂದು ನೋಡಿಕೊಳ್ಳುವುದು ಅಭ್ಯಾಸವಾಯಿತು. ಅದರ ಮೇಲೆ ಡಾಕ್ಟರು ಅವಳ ತಾಯಿಯ ಕಥೆ ಕೇಳಿ, "ಇದು ಮನೆತನದಲ್ಲೇ ಬರೋದೂ ಉಂಟು, ಮಗಳನ್ನ ಒಂದ್ಸಲ ತೋರಿಸಿ" ಎಂದಿದ್ದರು. ಇವತ್ತು ನಾಳೆ ಎಂದು ಮುಂದೂಡುತ್ತಿದ್ದವಳನ್ನು ಮಗಳೇ ಹಿಡಿದು ಕೇಳಿದಳು: "ಮತ್ತೆ ಏಳು ವಾರ ಮುಚ್ಚಿಡ್ತೀಯಾ ಅಮ್ಮಾ?"

ಮಾರನೆಯ ದಿನವೇ ಹೋದರು. ಮಗಳ ಕಣ್ಣಿಗೆ ಪಾಪೆ ಹಿಗ್ಗುವ ಹನಿ ಹಾಕಿ ಒಳಗೆ ಕರೆದರು. ಹೊರಗಿನ ಬೆಂಚಿನ ಮೇಲೆ ಹದ್ದಕ್ಕ ಕೈಚೀಲದ ಹಿಡಿ ಹಿಂಡುತ್ತಾ ಕೂತಳು. ಬಾಗಿಲು ತೆರೆಯಿತು. ಡಾಕ್ಟರು ಅಲ್ಲಿಂದಲೇ ತಲೆಯಾಡಿಸಿದರು: "ಪೊರೆ ಒಂದು ಕಡೆ ಸ್ವಲ್ಪ ತೆಳ್ಳಗಿದೆ, ಹರಿದಿಲ್ಲ. ವರ್ಷಕ್ಕೊಮ್ಮೆ ಬಂದು ತೋರಿಸಿದ್ರೆ ಸಾಕು."

ಬೀದಿಗೆ ಬಂದರೆ ಮಟಮಟ ಮಧ್ಯಾಹ್ನ. ಹನಿ ಹಾಕಿದ ಕಣ್ಣಿಗೆ ಬಿಸಿಲು ಚುಚ್ಚಿ ಮಗಳು ಎರಡೂ ಕಣ್ಣು ಮುಚ್ಚಿಕೊಂಡಳು.

"ಏನೂ ಕಾಣ್ತಿಲ್ಲ ಅಮ್ಮಾ, ಕೈ ಹಿಡ್ಕೋ."

ರಸ್ತೆ ತುಂಬ ಗಾಡಿಗಳು. ಹದ್ದಕ್ಕ ಮಗಳ ಮುಂಗೈ ಗಟ್ಟಿಯಾಗಿ ಹಿಡಿದು ಬಲಕ್ಕೆ ನೋಡಿದಳು, ಎಡಕ್ಕೆ ಕತ್ತನ್ನು ಪೂರ್ತಿ ಹೊರಳಿಸಿ ಇನ್ನೊಮ್ಮೆ ನೋಡಿದಳು. ಒಂದು ಬಸ್ಸು ಹೋಗಲು ಬಿಟ್ಟಳು. "ಈಗ ಬಾ" ಎಂದು ಹೆಜ್ಜೆ ಇಟ್ಟಳು.